ಇಪ್ಪತ್ತಮೂರು ಸಲ ಓಡಿದವಳನ್ನು ಅಳಿಸಿದ್ದೇಕೆ?

ಇಲೋಯ್ಲೋ, ಶುಕ್ರವಾರ

ಫೆಲಿಸಿದಾದ್ ಮೇಡಂ ಅವರಿಗೆ,

ನಮಸ್ಕಾರ. ಕೋಪ ಇಳಿದ ಮೇಲೆ ಬರೆಯೋಣವೆಂದು ನಾಲ್ಕು ದಿನ ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಂಡಮಾರುತ ಬಂದುಹೋಗಿ ವರ್ಷವಾದರೂ ನಮ್ಮ ಕಡಲ ದಂಡೆಯ ಹೆಂಗಸರು ಗಾಳಿ ತುಸು ಜೋರಾದರೆ ಮಕ್ಕಳನ್ನೆತ್ತಿಕೊಂಡು ಮನೆಯಿಂದಾಚೆ ಓಡುತ್ತಾರೆ. ವಾರಕ್ಕೆ ಎಷ್ಟು ಸಲ ಓಡುತ್ತಾರೆಂದು ಎಣಿಸುವ ಕೆಲಸವನ್ನು ನೀವೇ ನನಗೆ ಕೊಟ್ಟಿರಿ. ಎಂಬತ್ತು ಹೆಂಗಸರು. ಓಡಿದಾಗಲೆಲ್ಲ ತಂತಮ್ಮ ಹಾಲಿನ ಡಬ್ಬಿಗೆ ಒಂದು ಚಿಪ್ಪು ಹಾಕಬೇಕು. ನಲವತ್ತು ಮಂದಿಗೆ ಭಯ ಇಳಿಸುವ ಬುಧವಾರದ ಮಾತುಕತೆ ಶುರುವಾಗಿತ್ತು, ಉಳಿದ ನಲವತ್ತು ಮಂದಿ ತಮ್ಮ ಸರದಿಗೆ ಕಾಯುತ್ತಿದ್ದರು. ಕೊನೆಯ ವಾರ ಡಬ್ಬಿಗಳನ್ನು ತೆರೆದರೆ ಅರ್ಧಕ್ಕಿಂತ ಹೆಚ್ಚಿನವು ಖಾಲಿ, ಕೆಲವದರಲ್ಲಿ ಒಂದೋ ಎರಡೋ. ಇನ್ನೂ ಕಾಯುತ್ತಿದ್ದ ನೆನಿತಾಳ ಡಬ್ಬಿಯಲ್ಲಿ ಇಪ್ಪತ್ತಮೂರು!

"ಏನೇ ನೆನಿತಾ, ಓಟದ ಪಂದ್ಯಕ್ಕೆ ಸೇರ್ಕೋಬಾರ್ದಾ?" ಎಂದು ಪಕ್ಕದ ಮನೆಯವಳು ಛೇಡಿಸಿದಳು.

"ಸೇರ್ತೀನಿ, ನನ್ನ ಮೂರು ಮಕ್ಕಳನ್ನ ನೀನು ಎತ್ಕೋ" ಎಂದಳು ಇವಳು. ಎಲ್ಲರೂ ನಕ್ಕರು.

ನೀವೇನು ಮಾಡಿದಿರಿ? ಜನರ ಎತ್ತರ ಅಳೆದ ಹಾಗೆ ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದು, ಎಲ್ಲರೂ ಅದರ ಆಚೀಚೆ ಸಮನಾಗಿ ಹರಡಿದ್ದಾರೆಂದುಕೊಂಡಿರಿ. ಆ ಲೆಕ್ಕದಲ್ಲಿ ಕೆಲವರು ವಾರಕ್ಕೆ ಮೈನಸ್ ಮೂರು ಸಲ ಓಡಬಹುದಂತೆ! ಹಾಗೆ ಓಡುವುದು ಹೇಗೆ ಮೇಡಂ, ಒಮ್ಮೆ ತೋರಿಸಿಕೊಡಿ. ಅದನ್ನು ಕಂಡಾದರೂ ವಿಧಾನ ಬದಲಿಸಬೇಕಿತ್ತು. ನೀವು ಬದಲಿಸಿದ್ದು ಹೆಂಗಸರನ್ನು. "ಈ ಮೂರು ಜನ ಚಿತ್ರ ಕೆಡಿಸ್ತಿದಾರೆ, ತೆಗೆದ್ಬಿಡು ಮರಿವಿಕ್" ಎಂದು ನನಗೆ ಹೇಳಿದಿರಿ. ಎಲ್ಲರಿಗಿಂತ ಹೆಚ್ಚು ಓಡಿದ ಆ ಮೂವರೂ, ನೆನಿತಾಳೂ ಸೇರಿ, ಸರದಿಗೆ ಕಾಯುತ್ತಿದ್ದವರೇ. ಅವರನ್ನು ತೆಗೆದ ಮೇಲೆ ಎರಡು ಗುಂಪೂ ಒಂದೇ ಥರ ಕಾಣದೆ ಇನ್ನೇನು? ಮಾತುಕತೆಯಿಂದ ಲಾಭವಿಲ್ಲ ಎಂದು ಪುರಸಭೆಗೆ ವರದಿ ಬರೆದಿರಿ. ಈಗ ಪುರಸಭೆಯವರು ಬುಧವಾರದ ಕೂಟವನ್ನೇ ನಿಲ್ಲಿಸುತ್ತಾರಂತೆ.

ಸೊನ್ನೆಗಳ ರಾಶಿಯನ್ನೂ ಅಪರೂಪದ ದೊಡ್ಡ ಸಂಖ್ಯೆಯನ್ನೂ ಇದ್ದ ಹಾಗೇ ಒಪ್ಪಿಕೊಳ್ಳುವ ವಿಧಾನ ಎಣಿಕೆಗೆಂದೇ ಇದೆ. ಅದರ ಹೆಸರು ನೆಗೆಟಿವ್ ಬೈನಾಮಿಯಲ್. ನಾನು ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಿದ್ದಾಗ, ನಿಮ್ಮ ಅಡುಗೆಮನೆಯಲ್ಲಿ ಕೂರಿಸಿ, ಪಾನ್ಸಿತ್ ಶ್ಯಾವಿಗೆ ಬಡಿಸಿ ಅದನ್ನು ಕಲಿಸಿದವರು ನೀವೇ! ಎಂಬತ್ತು ಮಂದಿಯನ್ನೂ ಇಟ್ಟುಕೊಂಡು ಆ ಲೆಕ್ಕ ಹಾಕಿದೆ. ಮಾತುಕತೆಗೆ ಬಂದವರು ಉಳಿದವರ ಅರ್ಧದಷ್ಟೂ ಓಡಿಲ್ಲ. ತೋರಿಸಿದರೆ "ವರದಿ ಹೋಗಿಯಾಯ್ತು, ಸುಮ್ನಿರು" ಎಂದಿರಿ. ನಿಮ್ಮನ್ನು ನಾನು ತಲೆಯ ಮೇಲಿಟ್ಟುಕೊಂಡಿದ್ದೆ ಮೇಡಂ. ಅವತ್ತು ನಾಚಿಕೆಯಾಯಿತು.

ಮಂಗಳವಾರ ನೆನಿತಾ ಬಂದು ತನ್ನ ಸರದಿ ಯಾವತ್ತು ಎಂದು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಅಲ್ಲಮ್ಮಾ, ಎಲ್ರಿಗಿಂತ ಜಾಸ್ತಿ ಹೆದರಿದ್ದೇ ನನ್ನ ತಪ್ಪಾ?" ಎಂದಳು.

ವರದಿಯಿಂದ ನನ್ನ ಹೆಸರು ತೆಗೆಯಿರಿ. ಎರಡೂ ಲೆಕ್ಕಗಳನ್ನು ಪುರಸಭೆಗೆ ಕಳಿಸಿದ್ದೇನೆ. ಸೋಮವಾರ ಬೆಳಿಗ್ಗೆ ಸಭೆಯಿದೆ, ನೀವೂ ಬನ್ನಿ. ನೆನಿತಾ ಮುಂದಿನ ಬೆಂಚಿನಲ್ಲೇ ಕೂತಿರುತ್ತಾಳೆ. ಅವಳ ಪ್ರಶ್ನೆಗೆ ಉತ್ತರ ನೀವೇ ಹೇಳಿ.

ದೇವರು ನಿಮ್ಮ ಮನೆಯ ಚಾವಣಿಯನ್ನು ಕಾಯಲಿ.

ನಿಮ್ಮಿಂದಲೇ ಎಣಿಸಲು ಕಲಿತ,
ಮರಿವಿಕ್