ಬಾಗಿಲಿಗೆ ತೂಗುಹಾಕಿದ ಚೀಲ

ಮಾರ್ಚ್ ೧೪, ಮಂಗಳವಾರ

ಜ್ವರ ಇಳಿದಿಲ್ಲ. ಈ ಕಟ್ಟಡದಲ್ಲಿ ಯಾರಿಗೆ ಕಷ್ಟವೋ ಅವರು ಬಾಗಿಲ ಹೊರಗೆ ಖಾಲಿ ಚೀಲ ತೂಗುಹಾಕುವುದು, ಮಿಕ್ಕವರು ಏನಾದರೂ ಇಟ್ಟುಹೋಗುವುದು ರೂಢಿ. ಇಷ್ಟು ವರ್ಷ ಬೇರೆಯವರ ಚೀಲ ತುಂಬಿದ ನಾನು ಬೆಳಿಗ್ಗೆ ಮೊದಲ ಸಲ ನನ್ನದನ್ನು ತೂಗುಹಾಕಿ, ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡೆ.

ಮಧ್ಯಾಹ್ನ ನೋಡಿದರೆ ಬ್ರೆಡ್, ಕಿತ್ತಳೆ, ಸೂಪಿನ ಡಬ್ಬಿ. ಚೀಲವನ್ನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಎದುರುಮನೆಯ ದರ್ಜಿಯ ಹೆಂಡತಿ ಇಣುಕಿದಳು.

"ಅಕ್ಕಾ, ಈ ಚೀಲ ಹಾಕಿದ್ದು ಮೇಲಿನ ಮಹಡಿ ಅಜ್ಜಿಗೋಸ್ಕರ ತಾನೆ? ಸೂಪ್ ಆರೋದ್ರೊಳಗೆ ಕೊಟ್ಬಿಡಿ. ನೀವೊಬ್ರು ಇದ್ದೀರಿ ಅಂತ ನಮಗೆ ನಿಶ್ಚಿಂತೆ. ನಿಮಗೇನ್ ಬಿಡಿ, ಪುಸ್ತಕ ಒಂದಿದ್ರೆ ಊಟಾನೂ ಬೇಡ!"

ಅವಳು ನಕ್ಕಳು. ನಾನೂ ನಕ್ಕೆ.

ಮೆಟ್ಟಿಲು ಹತ್ತಿ ಹೋಗಿ ಕೊಟ್ಟೆ. ಅಜ್ಜಿ ಡಬ್ಬಿಯ ಜೊತೆಗೆ ನನ್ನ ಕೈಯನ್ನೂ ಹಿಡಿದುಕೊಂಡರು.

"ಏನೇ ಇದು, ಕೈ ಕೆಂಡ ಆಗಿದೆ! ಬಾ, ಕೂತ್ಕೋ. ಇಬ್ರೂ ಕುಡಿಯೋಣ."

"ಡಬ್ಬಿ ಬಿಸಿ ಇತ್ತಲ್ಲ ಅಜ್ಜಿ, ಅದಕ್ಕೆ" ಎಂದು ಇಳಿದು ಬಂದೆ.

ಓದುತ್ತಿರುವ ಅನುವಾದಿತ ಕಾದಂಬರಿಯಲ್ಲಿ ಒಬ್ಬಳು ಎಷ್ಟು ಸಲೀಸಾಗಿ 'ಸ್ವಲ್ಪ ಹೊತ್ತು ನನ್ನ ಹತ್ತಿರ ಇರು' ಎನ್ನುತ್ತಾಳೆ. ಕಷ್ಟದ ಪದ ಒಂದೂ ಇಲ್ಲ. ಎರಡು ಸಲ ಗಟ್ಟಿಯಾಗಿ ಓದಿದೆ. ಮೇಲೆ ಅಜ್ಜಿ ಓಡಾಡುವ ಸದ್ದು ಇನ್ನೂ ಕೇಳುತ್ತಿದೆ. ಈಗ ಹೋಗಿ ಬಾಗಿಲು ತಟ್ಟಿದರೆ ಅಷ್ಟೇ ಮಾತು ನನ್ನ ಬಾಯಿಂದಲೂ ಬಂದೀತೆ?