ಪ್ರಾರ್ಥನೆ ಪೆಟ್ಟಿಗೆಗೆ ಬಿದ್ದ ಸೇತುವೆ

ಮಾನ್ಯ ಸೆನೆಟರರೇ,

ನಮ್ಮ ಬಕ್‌ಹಾರ್ನ್ ಹಳ್ಳದ ಸೇತುವೆಗಾಗಿ ಪ್ರಾರ್ಥಿಸುವುದನ್ನು ದಯವಿಟ್ಟು ನಿಲ್ಲಿಸಿ. ನಾಲ್ಕು ವರ್ಷ ಪ್ರಾರ್ಥಿಸಿದ್ದೀರಿ, ದೇವರಿಗೂ ಸಾಕಾಗಿರಬೇಕು.

ನಿಮ್ಮ ಭಕ್ತಿಯ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿಲ್ಲ. ಒಂಬತ್ತನೇ ವಯಸ್ಸಿನಲ್ಲಿ, ಚರ್ಚಿನಲ್ಲಿ ನಾನು ನಡೆಸುತ್ತಿದ್ದ ಭಾನುವಾರದ ಶಾಲೆಯಲ್ಲಿ ನೀವು ಊಟದ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಕೋಳಿಯ ಗ್ರೇವಿ ಆರಿ ಕೆನೆಗಟ್ಟಿತ್ತು. ಆಮೇಲೆ ಬೀಜದ ಅಂಗಡಿ ಇಟ್ಟಿರಿ, ಅಲ್ಲಿಯೂ ಜೋಳದ ಮೂಟೆಯ ಮೇಲೆ ಕೈಯಿಟ್ಟು ಹರಸುತ್ತಿದ್ದಿರಿ. ಕೌಂಟಿ ಮಂಡಳಿಗೆ ಗೆದ್ದಿರಿ, ರಾಜ್ಯ ಸೆನೆಟ್ ಸೇರಿದಿರಿ, ಈಗ ರಸ್ತೆ ಸಮಿತಿಯ ಅಧ್ಯಕ್ಷರು. ಪ್ರತಿ ಚುನಾವಣೆಗೂ ಮುಂಚೆ ದೇವರು ನಿಮ್ಮನ್ನು ಕರೆದನಂತೆ. ಪಾಪ, ಸೇತುವೆಯ ವಿಷಯಕ್ಕೆ ಮಾತ್ರ ಅವನು ಒಮ್ಮೆಯೂ ಕರೆಯಲಿಲ್ಲವೇ? ನೀವು ಕಪಟಿಯಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಆದರೆ ನನ್ನ ಗಂಡ ಡೆಲ್ಮಾರನ ಕಿಡ್ನಿ ಕೈಕೊಟ್ಟಾಗ ಇಡೀ ದಿನ ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು ಕೂತವರು ನೀವೇ. ಅದನ್ನು ನಾನು ಮರೆತಿಲ್ಲ.

ನಾಲ್ಕು ವರ್ಷದ ಹಿಂದೆ, ಸೇತುವೆ ಶಿಥಿಲವಾಗಿದೆಯೆಂದು ಮುಚ್ಚಿದ ವಸಂತದಲ್ಲಿ ನೀವು ಚರ್ಚಿನ ಸಾಮೂಹಿಕ ಊಟಕ್ಕೆ ಬಂದಿದ್ದಿರಿ. ಅದನ್ನು ದುರಸ್ತಿ ಮಾಡಿಸಿ ಎಂದು ಇನ್ನೂರ ಹನ್ನೆರಡು ಜನ ಸಹಿ ಹಾಕಿದ ಮನವಿ ಡೆಲ್ಮಾರನ ಜೇಬಿನಲ್ಲಿತ್ತು. ಊಟಕ್ಕೆ ಕೂತ ಅತಿಥಿಯ ಕೈಗೆ ಕಾಗದ ತುರುಕುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವನು ಅದನ್ನು ನಿಮ್ಮ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಗೆ, ಅದು ನೀವು ತಂದ ಮನವಿ ಪೆಟ್ಟಿಗೆಯೆಂದುಕೊಂಡು ಹಾಕಿ, ದೊಡ್ಡ ಕೆಲಸ ಮುಗಿಸಿದವನಂತೆ ಬಂದು ಆಲೂಗಡ್ಡೆ ಬಡಿಸಿಕೊಂಡ. ಅದು ಪ್ರಾರ್ಥನೆಯ ಕೋರಿಕೆ ಹಾಕುವ ಪೆಟ್ಟಿಗೆ. ಅದನ್ನು ಮಾಡಿಕೊಟ್ಟ ಬಡಗಿಯೂ ಅವನೇ, ಆದರೂ ಗುರುತು ಹಿಡಿಯಲಿಲ್ಲ!

ಆ ವಾರದಿಂದ ಪ್ರತಿ ಬುಧವಾರದ ಪ್ರಾರ್ಥನಾ ಕೂಟದಲ್ಲಿ ನೀವು ಸೇತುವೆಗಾಗಿ ಕಣ್ಣೀರಿಟ್ಟಿರಿ. ನಾವೂ ಜೊತೆಗೆ ಆಮೆನ್ ಹೇಳಿದೆವು, ಕಡತ ಓಡಾಡುತ್ತಿದೆ ಎಂದೇ ನಂಬಿದ್ದೆವು. ಹೋದ ತಿಂಗಳು ನಿಮ್ಮ ಕಚೇರಿಗೆ ಬಂದು ವಿಚಾರಿಸಿದರೆ, ಅಂಥ ಮನವಿಯೇ ಬಂದಿಲ್ಲ ಎಂದರು. ನಿಮ್ಮನ್ನು ಕೇಳಿದೆ. ನೀವು ನಗುತ್ತಾ ಹೇಳಿದ್ದು ನೆನಪಿದೆಯೇ?

"ಪೆಟ್ಟಿಗೆಗೆ ಬಿದ್ದದ್ದು ದೇವರಿಗೆ ಸೇರಿದ್ದು, ಅದನ್ನ ಬೇರೆ ಯಾವುದಕ್ಕೂ ಬಳಸ್ಬಾರ್ದು ಅಂತ ನೀವೇ ಅಲ್ವಾ ಟೀಚರ್ ಹೇಳಿಕೊಟ್ಟಿದ್ದು? ಆದ್ರೆ ಒಂದು ಬುಧವಾರಾನೂ ನಾನು ಪ್ರಾರ್ಥನೆ ಮಾಡೋದು ಮರ್ತಿಲ್ಲ."

ಹೇಳಿಕೊಟ್ಟದ್ದು ನಿಜ. ನಾನು ಹೇಳಿಕೊಟ್ಟ ನೂರು ಪಾಠದಲ್ಲಿ ನೀವು ಚಾಚೂ ತಪ್ಪದೆ ಪಾಲಿಸಿದ್ದು ಇದೊಂದನ್ನೇ ಎಂದರೆ ಯಾರ ಹತ್ತಿರ ಅಳಲಿ? ಆ ಪಾಠ ಹೇಳಿದಾಗ ನನ್ನ ಮುಂದೆ ಕೂತಿದ್ದದ್ದು ಮೂಗು ಸುರಿಸುವ ಮಗು, ರಸ್ತೆ ಸಮಿತಿಯ ಅಧ್ಯಕ್ಷರಲ್ಲ.

ಡಯಾಲಿಸಿಸ್ ಕೇಂದ್ರ ಹಳ್ಳದಾಚೆ ಆರು ಮೈಲಿ. ಈಗ ಸುತ್ತು ಹಾಕಿ ಇಪ್ಪತ್ತೈದು, ವಾರಕ್ಕೆ ಮೂರು ಸಲ. ವಾಪಸ್ ಬರುವಾಗ ದಾರಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸುತ್ತೇನೆ, ಡೆಲ್ಮಾರ ಬಾಗಿಲು ತೆಗೆದು ವಾಂತಿ ಮಾಡುತ್ತಾನೆ. ಹೋದ ವಾರ ಬಾಯಿ ಒರೆಸಿಕೊಂಡು, "ಇನ್ಮೇಲೆ ವಾರಕ್ಕೆರಡೇ ಸಲ ಹೋಗೋಣ ಕಣೆ, ಈ ದಾರಿ ನನ್ ಕೈಲಾಗಲ್ಲ" ಅಂದ. ಮೂರರಲ್ಲಿ ಒಂದು ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ನನಗೆ ಹೇಳಿದ್ದಾರೆ. ನನಗೆ ಭಯವಾಗುತ್ತಿದೆ.

ಆದ್ದರಿಂದ ಬರುವ ಭಾನುವಾರದ ಊಟಕ್ಕೆ ತಪ್ಪದೆ ಬನ್ನಿ. ಹೊಸ ಮನವಿ ಸಿದ್ಧವಿದೆ. ಮರ್ಯಾದೆ ಬದಿಗಿಟ್ಟು, ನೀವು ಫೋರ್ಕ್ ಎತ್ತುವ ಮೊದಲೇ ನಿಮ್ಮ ಕೈಗೆ ಕೊಡುತ್ತೇನೆ, ಜೊತೆಗೆ ಪೆನ್ನನ್ನೂ. ಕಣ್ಣು ಮುಚ್ಚಬೇಡಿ. ಸಹಿ ಹಾಕಲು ಕಣ್ಣು ತೆರೆದಿರಬೇಕು.

ಅಂದಹಾಗೆ, ನೀವು ಬಾರದ ಈ ಬುಧವಾರದ ಕೂಟದಲ್ಲಿ ಪೆಟ್ಟಿಗೆಗೆ ನಾನೂ ಒಂದು ಚೀಟಿ ಹಾಕಿದ್ದೇನೆ. ನಮ್ಮ ಸೆನೆಟರರ ಬಲಗೈ ನಾಲ್ಕು ವರ್ಷದಿಂದ ಪೆನ್ನು ಎತ್ತಲಾಗದೆ ನರಳುತ್ತಿದೆ, ಗುಣವಾಗಲಿ ಎಂದು. ಚೀಟಿ ಓದಿದಾಗ ಇಡೀ ಸಭೆ ಆಮೆನ್ ಹೇಳಿತು. ಎಲ್ಲರಿಗಿಂತ ಜೋರಾಗಿ ಹೇಳಿದವನು ಡೆಲ್ಮಾರ.

ಇಂತಿ,
ನಿಮಗೆ ಕೈ ಜೋಡಿಸಲು ಕಲಿಸಿ, ಬಿಡಿಸಲು ಕಲಿಸದೆ ಹೋದ
ವರ್ಲೀನ್ ಸ್ಟಕಿ ಟೀಚರ್