ಟಿವಿಯೊಳಗಿನ ಮೇಷ್ಟ್ರಿಗೆ

ಅಪ್ಪಾ,

ನೀವು ಹೋದ ಮೇಲೆ ಹೇಳಿ ಫಲವೇನು? ಆದರೂ ಹೇಳುತ್ತೇನೆ. ಇವತ್ತು ಮಗಳ ಶಾಲೆಯಲ್ಲಿ ಗಣಿತದ ಟೀಚರ್ ನನ್ನನ್ನೇ ದಿಟ್ಟಿಸಿ, "ನೀವು ಧಾರಾವಾಹಿ ಮೇಷ್ಟ್ರ ಮಗಳಲ್ವಾ? ಅದೇ ಮೂಗು!" ಎಂದರು.

"ಅದು ಬರೀ ಆಕ್ಟಿಂಗು. ನಮ್ಮಪ್ಪ ಏಳನೇ ಕ್ಲಾಸೂ ದಾಟಿಲ್ಲ," ಎಂದು ನಕ್ಕೆ.

ಅವರು ನಗಲಿಲ್ಲ. "ಚಿಕ್ಕೋಳಿದ್ದಾಗ ಲೆಕ್ಕ ಅಂದ್ರೆ ನಂಗೆ ಕಬ್ಬಿಣದ ಕಡಲೆ ಆಗಿತ್ತು. 'ತಪ್ಪಿದ್ರೆ ತಪ್ಪಲಿ ಪುಟ್ಟಿ, ಬಾ, ಇನ್ನೊಂದ್ಸಲ ನೋಡೋಣ' ಅಂತ ಮೇಷ್ಟ್ರು ಹೇಳಿದ್ದು ನಂಗೇ ಹೇಳಿದ ಹಾಗಿತ್ತು. ಈಗ ನಿಮ್ಮ ಮಗಳಿಗೂ ಅದನ್ನೇ ಹೇಳ್ತೀನಿ. ನಿಮಗ್ಯಾವ ಕಂತು ಇಷ್ಟ?"

"ಎಲ್ಲಾನೂ," ಅಂದುಬಿಟ್ಟೆ.

ಮನೆಗೆ ಬಂದವಳೇ ಮೊದಲ ಬಾರಿಗೆ ನಿಮ್ಮ ಧಾರಾವಾಹಿ ಹಾಕಿ ಕೂತೆ. ನೀವು ತರಗತಿಯೊಳಗೆ ಕಾಲಿಟ್ಟಿರಿ. ಮಕ್ಕಳೆಲ್ಲ ಎದ್ದು ನಿಂತರು. ನಾನೂ ಎದ್ದು ನಿಂತೆ, ಅಪ್ಪಾ.